ಶ್ರವಣಯಂತ್ರ: ಅಚ್ಚೋ, ಡೋಮೋ?

ನಮ್ಮ ತಂದೆಯವರು ಉಪಾಧ್ಯಾಯರಾಗಿದ್ದವರು. ತರಗತಿಯ ಕೊನೆಯ ಸಾಲಿನ ಪಿಸುಮಾತನ್ನೂ ಹಿಡಿಯುತ್ತಿದ್ದ ಅವರ ಕಿವಿ ಎಪ್ಪತ್ತರ ಸುಮಾರಿಗೆ ಮಂದವಾಯಿತು. ಅಂಗಡಿಯೊಂದರಿಂದ ಶ್ರವಣಯಂತ್ರ ತಂದೆವು. ತಿಂಗಳಾಗುವುದರೊಳಗೆ ಅದು ಕನ್ನಡಕದ ಹಳೆಯ ಪೆಟ್ಟಿಗೆಯನ್ನು ಸೇರಿತು. ಕಾರಣ ಕೇಳಿದರೆ, "ನನ್ನ ಮಾತೇ ನನಗೆ ಹಂಡೆಯೊಳಗಿಂದ ಬಂದ ಹಾಗೆ ಕೇಳುತ್ತದಪ್ಪ. ಚಕ್ಕುಲಿ ಕಡಿದರೆ ತಲೆಯೊಳಗೆ ಕಲ್ಲು ಒಡೆದಂತಾಗುತ್ತದೆ" ಎಂದರು. ಯಂತ್ರ ಕೆಟ್ಟಿರಲಿಲ್ಲ. ತಪ್ಪಿದ್ದುದು, ಅದನ್ನು ಕಿವಿಯೊಡನೆ ಜೋಡಿಸುವ ಪುಟ್ಟ ತುಣುಕಿನ ಆಯ್ಕೆಯಲ್ಲಿ.

ಈ ತುಣುಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕಿವಿಯ ಅಚ್ಚು. ಕಿವಿಯ ನಾಳದೊಳಗೆ ದಾರ ಕಟ್ಟಿದ ಹತ್ತಿಯ ಅಥವಾ ಸ್ಪಂಜಿನ ತಡೆಯನ್ನಿಟ್ಟು, ಮೆತ್ತನೆಯ ಸಿಲಿಕೋನ್ ತುಂಬಿ, ಕೆಲವು ನಿಮಿಷಗಳಲ್ಲಿ ಅದು ಗಟ್ಟಿಯಾದ ಮೇಲೆ ಹೊರತೆಗೆಯುತ್ತಾರೆ. ಆ ಆಕಾರಕ್ಕೆ ಸರಿಯಾಗಿ ಅಕ್ರಿಲಿಕ್ ಅಥವಾ ಮೃದು ಸಿಲಿಕೋನಿನಲ್ಲಿ ಅಚ್ಚನ್ನು ಮಾಡುತ್ತಾರೆ. ಒಬ್ಬರದು ಮತ್ತೊಬ್ಬರಿಗೆ ಹೊಂದದು. ಬಲಗಿವಿಯದು ಎಡಗಿವಿಗೂ ಸಲ್ಲದು. ಎರಡನೆಯದು ಡೋಮ್. ಇದು ಪುಟ್ಟ ಕೊಡೆಯಾಕಾರದ ಸಿಲಿಕೋನಿನ ಟೋಪಿ. ಸಿದ್ಧ ಅಳತೆಗಳಲ್ಲಿ ದೊರೆಯುವಂಥದು. ರಂಧ್ರಗಳುಳ್ಳ ತೆರೆದ ಡೋಮ್ ಉಂಟು, ಮುಚ್ಚಿದ ಡೋಮೂ ಉಂಟು.

ಯಾವುದು ಮೇಲು? ಇದಕ್ಕೆ ಉತ್ತರ ಬೆಲೆಪಟ್ಟಿಯಲ್ಲಿಲ್ಲ, ಅಂದಚೆಂದದಲ್ಲೂ ಇಲ್ಲ. ಆ ಕಿವಿಯಲ್ಲಿ ಉಳಿದಿರುವ ಶ್ರವಣಶಕ್ತಿಯಲ್ಲಿದೆ.

ಮುಪ್ಪಿನ ಕಿವುಡು ಸಾಮಾನ್ಯವಾಗಿ ತಾರ ಧ್ವನಿಗಳನ್ನು ಮೊದಲು ಅಪಹರಿಸುತ್ತದೆ. ಮಂದ್ರ ಧ್ವನಿಗಳು ಬಹುಕಾಲ ಉಳಿಯುತ್ತವೆ. ವರ್ಣಮಾಲೆಯ ಮಾತಿನಲ್ಲಿ ಹೇಳುವುದಾದರೆ, ಸ್ವರಗಳು ಕಿವಿಗೆ ಬೀಳುತ್ತವೆ. ಸ, ಶ, ತಗಳಂಥ ವ್ಯಂಜನಗಳು ಜಾರಿಹೋಗುತ್ತವೆ. "ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ" ಎಂದು ಹಿರಿಯರು ಹೇಳುವುದು ಇದರಿಂದಲೇ. ಇಂಥ ಕಿವಿಯನ್ನು ಪೂರ್ತಿ ಮುಚ್ಚಿದರೆ, ಸಹಜವಾಗಿ ಒಳಬರುತ್ತಿದ್ದ ಮಂದ್ರ ಧ್ವನಿಗೆ ತಡೆಯಾಗುತ್ತದೆ. ಜೊತೆಗೆ ಅವರದೇ ದನಿ ಮೂಳೆಯ ಮೂಲಕ ನಾಳಕ್ಕೆ ಬಂದು, ಹೊರಹೋಗಲಾರದೆ ಮೊಳಗುತ್ತದೆ. ಇವರಿಗೆ ತೆರೆದ ಡೋಮ್ ಹಿತ. ಅಚ್ಚೇ ಬೇಕಾದಲ್ಲಿ ಅದರಲ್ಲಿ ಗಾಳಿಕಂಡಿಯನ್ನು ಕೊರೆಸಬಹುದು.

ಹಾಗೆಂದು ಡೋಮ್ ಎಲ್ಲರಿಗೂ ಸಲ್ಲುವುದಿಲ್ಲ. ಹುಟ್ಟಿನಿಂದಲೇ ತೀವ್ರ ಶ್ರವಣದೋಷವುಳ್ಳ ಮಗುವನ್ನು ನೆನೆಯಿರಿ. ಅದಕ್ಕೆ ಧ್ವನಿಯನ್ನು ಬಹಳವಾಗಿ ಹೆಚ್ಚಿಸಿ ಕೊಡಬೇಕು. ಆ ಧ್ವನಿ ಹೊರಸೋರಿ ಯಂತ್ರದ ಮೈಕ್ರೊಫೋನನ್ನು ಮರಳಿ ಸೇರಿದರೆ ಸಿಳ್ಳೆ ಹೊರಡುತ್ತದೆ. ಇಂದಿನ ಯಂತ್ರಗಳು ಸಿಳ್ಳೆಯನ್ನು ಅಡಗಿಸಬಲ್ಲವಾದರೂ ಅದಕ್ಕೊಂದು ಮಿತಿಯಿದೆ. ಸಿಳ್ಳೆಗೆ ಅಂಜಿ ಧ್ವನಿ ತಗ್ಗಿಸಿದರೆ ಮಗುವಿಗೆ ಮಾತೇ ದಕ್ಕದು. ಕೇಳದ ಮಾತನ್ನು ಅದು ಕಲಿಯುವುದೆಂತು? ಇಲ್ಲಿ ಬಿಗಿಯಾಗಿ ಕೂರುವ ಅಚ್ಚೇ ಬೇಕು. ಮಗುವಿನೊಡನೆ ಕಿವಿಯೂ ಬೆಳೆಯುವುದರಿಂದ, ಶೈಶವದಲ್ಲಿ ಕೆಲವೇ ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕಾದೀತು. ಇದನ್ನು ದುಂದುವೆಚ್ಚವೆಂದು ಎಣಿಸಬಾರದು.

ಪೋಷಣೆಯ ಕುರಿತು ಎರಡು ಮಾತು. ಕೊಳವೆಯುಳ್ಳ ಅಚ್ಚನ್ನು ಯಂತ್ರದಿಂದ ಬೇರ್ಪಡಿಸಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಕೊಳವೆಯ ತೇವವನ್ನು ಪೂರ್ತಿ ಆರಿಸಬೇಕು. ಗುಗ್ಗೆ ಕಟ್ಟಿದ ಡೋಮನ್ನು ಬದಲಿಸಬೇಕು. ಅದು ಕಳಚಿ ಕಿವಿಯೊಳಗೆ ಉಳಿದರೆ, ಕಡ್ಡಿಯಿಂದ ಕೆದಕದೆ ವೈದ್ಯರಲ್ಲಿಗೆ ಹೋಗಬೇಕು. ಕಿವಿ ಸೋರುತ್ತಿರುವವರು ಯಂತ್ರಕ್ಕೆ ಮೊದಲು ವೈದ್ಯರನ್ನೇ ಕಾಣುವುದು ಒಳಿತು.

ಆಯ್ಕೆಗೆ ಮುನ್ನ ಪರೀಕ್ಷೆ ಅಗತ್ಯ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯೂ ಅಚ್ಚಿನ ತಯಾರಿಕೆಯೂ ನಡೆಯುತ್ತವೆ. ನಮ್ಮ ತಂದೆಯವರನ್ನು ಪರೀಕ್ಷಿಸಿದ ಶ್ರವಣತಜ್ಞರು ಯಂತ್ರವನ್ನು ಬದಲಿಸಲಿಲ್ಲ. ಕಂಡಿಯಿಲ್ಲದ ಅಚ್ಚನ್ನು ತೆಗೆದು ತೆರೆದ ಡೋಮ್ ಜೋಡಿಸಿ, ಧ್ವನಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಿದರು. ಅಂದು ಸಂಜೆ ತಂದೆಯವರು ಯಂತ್ರದ ವಿಷಯವಾಗಿ ಏನೂ ಹೇಳಲಿಲ್ಲ. ಪಾಠ ಓದುತ್ತಿದ್ದ ಮೊಮ್ಮಗಳನ್ನು ತಡೆದು, "ಅದು ಸಾಲೆಯಲ್ಲ ಮಗು, ಶಾಲೆ" ಎಂದು ತಿದ್ದಿದರು.