ಬಾಲ್ಕನಿ ಮೂಲೆಯ ಆ ಒಂದು ಮಡಿಕೆ

ನಮ್ಮನೆ ಇರೋದು ಮಯೂರ್ ವಿಹಾರ್ ಫೇಸ್ ಒಂದರ ಡಿಡಿಎ ಫ್ಲ್ಯಾಟ್, ಮೂರನೇ ಮಹಡಿ. ಹೋದ ತಿಂಗಳು ರಾತ್ರಿ ರಿಲೀಸ್ ಕಾಲ್ ನಡೀತಿದ್ದಾಗಲೇ ರೂಟರ್‌ನ ಎಲ್‌ಓಎಸ್ ದೀಪ ಕೆಂಪಾಯ್ತು. ರೋಲ್‌ಬ್ಯಾಕ್ ಮಾಡಬೇಕಾದವನು ನಾನೇ! ಫೋನ್ ಹಾಟ್‌ಸ್ಪಾಟ್ ಹಾಕಿ ಹೇಗೋ ಮುಗಿಸಿದೆ.

ಬೆಳಿಗ್ಗೆ ನೋಡಿದರೆ ಬಾಲ್ಕನಿ ಗ್ರಿಲ್ ಮೂಲೆಯಲ್ಲಿ ಕೇಬಲ್ ಮಡಿಸಿ, ಪ್ಲಾಸ್ಟಿಕ್ ಟೈ ಬಿಗಿದಿದ್ದಾರೆ. ಒಳಗಿನ ಗಾಜಿನ ಎಳೆ 125 ಮೈಕ್ರಾನ್ ದಪ್ಪ, ಬೆಳಕು ಓಡೋದು ನಡುವಿನ ಸುಮಾರು 9 ಮೈಕ್ರಾನ್‌ನಲ್ಲಿ. ಚೂಪಾಗಿ ಮಡಿಸಿದರೆ ಬೆಳಕು ಸೋರಿಹೋಗುತ್ತೆ. ಮಾಮೂಲಿ ಜಿ.652 ಎಳೆಗೆ 30 ಮಿ.ಮೀ. ತ್ರಿಜ್ಯದ ತಿರುವಿನ ಲೆಕ್ಕ, ಜಿ.657.ಎ2 ಆದರೆ 7.5ರವರೆಗೂ ತಡೆಯುತ್ತೆ. ನಮ್ಮಲ್ಲಿದ್ದದ್ದು ತಿರುವೇ ಅಲ್ಲ ಬಿಡಿ, ದೋಸೆ ಮಡಿಸಿದ ಹಾಗಿತ್ತು.

ಇನ್ನು ಕೋತಿಗಳು. 2015ರಲ್ಲಿ ವಾರಾಣಸಿ ಘಾಟ್‌ಗಳ ವೈಫೈ ಫೈಬರನ್ನೇ ಕಚ್ಚಿ ಹಾಕಿದ್ದವು. ಬಾಲ್ಕನಿಯಲ್ಲಿ ಪೈಪ್ ಹಾಕಿಸಿ. ಮೆಟ್ಟಿಲ ಬದಿಯ ಟ್ರೇಗೆ ಮುಚ್ಚಳ ಇರಲಿ, ಕರೆಂಟ್ ವೈರ್‌ಗಳ ಭಾರ ಫೈಬರ್ ಮೇಲೆ ಬೀಳದಿರಲಿ. ಗೋಡೆಯೊಳಗೆ ಬರುವ ಮುಂಚೆ ಕೇಬಲ್ ಸ್ವಲ್ಪ ಕೆಳಗೆ ಜೋತಿರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತೆ. ಟೆಕ್ನಿಷಿಯನ್ ಬಂದಾಗ ಪಕ್ಕದಲ್ಲೇ ನಿಂತು ಹೇಳಿ: "ಭೈಯ್ಯಾ, ಥೋಡಾ ಗೋಲ್ ಘುಮಾಓ."

ಇವತ್ತೇ ರೂಟರ್ ಪೇಜ್‌ನಲ್ಲಿ ಆಪ್ಟಿಕಲ್ ಪವರ್ ನೋಡಿ. ನಮ್ಮದು ಈಗ ಮೈನಸ್ 21 ಡಿಬಿಎಂ. ನಿಮ್ಮದು ಮೈನಸ್ 27ರ ಹತ್ತಿರ ಇದ್ದರೆ ಮೊದಲು ಬಾಲ್ಕನಿಗೆ ಹೋಗಿ.