ವೃದ್ಧಾಶ್ರಮದಲ್ಲಿ ಒಂದು ಕೆಮ್ಮು

ಮಳೆಗಾಲದಲ್ಲಿ ವಿದ್ಯಾನಗರದ ನಮ್ಮ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಕಷಾಯ ಕಾಯಿಸಿ ಕುಡಿಸಿ ಸುಮ್ಮನಾಗುತ್ತೇವೆ. ನಾಲ್ಕೈದು ಜನರ ಸಂಸಾರದಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ. ಆದರೆ ಮೂವತ್ತು ನಲವತ್ತು ಮಂದಿ ವೃದ್ಧರು ಒಂದೇ ಸೂರಿನ ಕೆಳಗೆ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಪಡಸಾಲೆಯಲ್ಲಿ ಕುಳಿತು ಸಂಜೆ ಕಳೆಯುವ ಕಡೆ ಆ ಕೆಮ್ಮಿಗೆ ಬೇರೆಯೇ ಅರ್ಥವಿದೆ. ಶ್ರೋತೃಗಳೇ, ಅದನ್ನು ನಾನು ತಡವಾಗಿ ತಿಳಿದೆ.

ನನ್ನೊಡನೆ ಬಹುಕಾಲ ಪಾಠ ಹೇಳಿದ ಹಿರಿಯ ಸಹೋದ್ಯೋಗಿಯೊಬ್ಬರು ಮಡದಿ ತೀರಿಕೊಂಡ ಮೇಲೆ ತಾವಾಗಿಯೇ ಒಂದು ವೃದ್ಧಾಶ್ರಮ ಸೇರಿದರು. ಮಕ್ಕಳು ಒಳ್ಳೆಯವರೇ, ದೂರದಲ್ಲಿದ್ದಾರೆ, ಅಷ್ಟೆ. ವಾರಕ್ಕೊಮ್ಮೆ ಹೋಗಿ ಬರುವುದು ನನ್ನ ರೂಢಿ. ಒಂದು ಶ್ರಾವಣದಲ್ಲಿ ಹೋದಾಗ ಅವರು ಮಾತಿಲ್ಲದೆ ಕುಳಿತಿದ್ದರು. ತಾಟಿನಲ್ಲಿ ರೊಟ್ಟಿ ಹಾಗೆಯೇ ಇತ್ತು. ನನ್ನ ಹೆಸರು ಹೇಳಲು ಎರಡು ಸಲ ತಡವರಿಸಿದರು. “ಯಾಕವ್ವಾ, ಸರ್‌ಗೆ ಏನಾಗೇತಿ?” ಎಂದು ಆರೈಕೆಯ ಹೆಣ್ಣುಮಗಳನ್ನು ಕೇಳಿದೆ. “ಏನಿಲ್ರೀ ಸರ, ವಯಸ್ಸಾತಲ್ರೀ. ಜ್ವರಾನೂ ಇಲ್ರೀ” ಎಂದಳು. ನಾನೂ ಒಪ್ಪಿ ಮನೆಗೆ ಬಂದೆ. ಮೂರನೆಯ ದಿನಕ್ಕೆ ಅದೇ ಸಾಲಿನ ಕೋಣೆಗಳಲ್ಲಿ ಇನ್ನೂ ನಾಲ್ವರು ಹಾಸಿಗೆ ಹಿಡಿದಿದ್ದರು. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎಂದು ಬಂತು. ನನ್ನ ಮಿತ್ರರು ಉಳಿದರು. ಅವರೊಡನೆ ದಿನವೂ ಚದುರಂಗವಾಡುತ್ತಿದ್ದ ಪಕ್ಕದ ಕೋಣೆಯವರು ಉಳಿಯಲಿಲ್ಲ. ಆ ಹೆಣ್ಣುಮಗಳಿಗೂ ಅದಕ್ಕೆ ಮುಂಚಿನ ವಾರದಿಂದ ಕೆಮ್ಮಿತ್ತೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ಕುಳಿತರೆ ಅಂದಿನ ಪಗಾರ ಇಲ್ಲ. ಅವಳನ್ನು ದೂರುವುದು ಸುಲಭ, ನನ್ನಿಂದಾಗದು.

ಮುಪ್ಪಿನ ಮೈ ಈ ಬೇನೆಯನ್ನು ಮೊದಲು ಜ್ವರದ ರೂಪದಲ್ಲಿಯೇ ತೋರಿಸಬೇಕೆಂಬ ನಿಯಮವಿಲ್ಲವಂತೆ. ಊಟ ಸೇರದಿರುವುದು, ಮಂಕು ಕವಿಯುವುದು, ಕಾಲು ತಪ್ಪಿ ಬೀಳುವುದು, ಇವೇ ಕೆಲವೊಮ್ಮೆ ಮೊದಲ ಸೂಚನೆಗಳು. ಲಕ್ಷಣ ಕಾಣುವ ಒಂದು ದಿನ ಮೊದಲೇ ಸೋಂಕು ಹಬ್ಬಿಸುವ ಶಕ್ತಿ ರೋಗಿಗೆ ಬಂದಿರುತ್ತದೆ. ಆದುದರಿಂದಲೇ ಒಂದು ಆಶ್ರಮದಲ್ಲಿ ಮೂರು ದಿನಗಳೊಳಗೆ ಇಬ್ಬರು ಹೀಗಾದರೆ ಅದನ್ನು ಇಬ್ಬರ ಕಾಯಿಲೆ ಎನ್ನದೆ ಇಡೀ ಮನೆಯ ಕಾಯಿಲೆ ಎಂದೇ ಎಣಿಸಿ ವೈದ್ಯರನ್ನು ಕರೆಸಬೇಕು. ಒಸೆಲ್ಟಾಮಿವಿರ್ ಎಂಬ ಔಷಧ 48 ಗಂಟೆಗಳೊಳಗೆ ಆರಂಭವಾದರೆ ಹೆಚ್ಚು ಫಲಕಾರಿ. ವೈದ್ಯರ ಸಲಹೆಯಂತೆ ಇನ್ನೂ ಕಾಯಿಲೆ ಬೀಳದವರಿಗೂ ಅದನ್ನು ಮುನ್ನೆಚ್ಚರಿಕೆಯಾಗಿ ಕೊಡುವುದುಂಟು. ಕಿಮ್ಸ್ ಎಂದೇ ನಾವು ಕರೆದು ರೂಢಿಯಾದ, 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ನಮ್ಮ ಬಡಾವಣೆಯಲ್ಲಿಯೇ ಇದೆ. ದವಾಖಾನೆ ಹತ್ತಿರವಿದ್ದೂ ನಾವು ಮೂರು ದಿನ ಕಳೆದೆವು.

ನನ್ನ ಅಜ್ಜಿ 1918ರ ಬೇನೆಯ ಕಥೆ ಹೇಳುತ್ತಿದ್ದಳು. ಮರಾಠಿ ಸೀಮೆಯಲ್ಲಿ ಅದಕ್ಕೆ ‘ಮಾನಮೋಡಿ’, ಅಂದರೆ ಕತ್ತು ಮುರಿಯುವ ಬೇನೆ, ಎಂದು ಹೆಸರು. ನಾವು ಆಗ ಸೇರಿದ್ದ ಮುಂಬಯಿ ಇಲಾಖೆ ತತ್ತರಿಸಿತು. ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ಸತ್ತರು. ವಿಚಿತ್ರವೆಂದರೆ ಅಂದು ಹೆಚ್ಚಾಗಿ ಬಲಿಯಾದವರು ಇಪ್ಪತ್ತರಿಂದ ನಲವತ್ತರ ಪ್ರಾಯದವರು. ಅಜ್ಜಿಯ ಕಥೆಯಲ್ಲಿ ಮುದುಕರು ಅಳುತ್ತಿದ್ದರು, ಹರೆಯದವರು ಸಾಯುತ್ತಿದ್ದರು. ಆ ನೆನಪೇ ನಮ್ಮನ್ನು ದಾರಿ ತಪ್ಪಿಸಿತೋ ಏನೋ. ವರ್ಷವರ್ಷವೂ ಬರುವ ಫ್ಲೂ ಮುದುಕರನ್ನೇ ಹೆಚ್ಚಾಗಿ ಹುಡುಕುತ್ತದೆ. 2023ರ ಮಾರ್ಚಿನಲ್ಲಿ ಎಚ್3ಎನ್2 ಸೋಂಕಿನಿಂದ ಹಾಸನ ಜಿಲ್ಲೆಯಲ್ಲಿ ಸತ್ತರೆಂದು ಸುದ್ದಿಯಾದವರೂ ಎಂಬತ್ತು ದಾಟಿದ ವೃದ್ಧರೇ.

ಇನ್ನು ಲಸಿಕೆಯ ಮಾತು. ಲಸಿಕೆಗೆ ಅಂಜುವ ಕಾರಣ ಹುಬ್ಬಳ್ಳಿಯವರಿಗೆ ಇರಬಾರದು. 1898ರಲ್ಲಿ ಪ್ಲೇಗು ಬಂದಾಗ ಹಾಫ್ಕಿನ್ ಎಂಬ ವಿಜ್ಞಾನಿ ಸಿದ್ಧಪಡಿಸಿದ ಲಸಿಕೆಯನ್ನು ಈ ಊರಿನ ಸಾವಿರಾರು ಜನ ಹಾಕಿಸಿಕೊಂಡರು. ಫ್ಲೂ ವೈರಾಣು ವೇಷ ಬದಲಿಸುತ್ತಲೇ ಇರುವುದರಿಂದ ಅದರ ಲಸಿಕೆಯನ್ನು ಪ್ರತಿವರ್ಷವೂ ಹಾಕಿಸಬೇಕು. ನಮ್ಮ ಕಡೆಗೆ ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು. ವೃದ್ಧರ ಮೈಯಲ್ಲಿ ಲಸಿಕೆಯ ಬಲ ತುಸು ಕಡಿಮೆ. ಆದಕಾರಣ ಅವರನ್ನು ಮುಟ್ಟಿ, ಮೀಯಿಸಿ, ಉಣಿಸುವವರಿಗೂ ಅದು ಸಿಗಬೇಕು, ಕೆಮ್ಮು ಬಂದಾಗ ಪಗಾರಸಹಿತ ರಜೆಯೂ ಸಿಗಬೇಕು. ಈ ರಜೆಯ ಖರ್ಚನ್ನು ನಾನು ಔಷಧದ ಲೆಕ್ಕಕ್ಕೇ ಸೇರಿಸುತ್ತೇನೆ.

ಕಷ್ಟವಿರುವುದು ಬೇರ್ಪಡಿಸುವುದರಲ್ಲಿ. ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಹೋಗುವಾಗ ಮನೆಮಂದಿಯೆಲ್ಲ ಕೂಡಿಯೇ ಹೋಗುತ್ತಿದ್ದರು. 2020ರಲ್ಲಿ ಕೋವಿಡ್ ಬಂದಾಗ ನಾವು ಮಾಡಿದ್ದು ಅದಲ್ಲ. ಒಬ್ಬೊಬ್ಬರನ್ನು ಒಂದೊಂದು ಬಾಗಿಲ ಹಿಂದೆ ಕೂರಿಸಿದೆವು. ಜೊತೆ ಬೇಕೆಂದು ಆಶ್ರಮಕ್ಕೆ ಬಂದವರಿಗೆ ಜೊತೆಯೇ ಇಲ್ಲವಾಯಿತು. ಫ್ಲೂ ಬಂದಾಗಲೂ ಕೆಲವು ದಿನ ಸಾಮೂಹಿಕ ಪಂಕ್ತಿ, ಭಜನೆ ನಿಲ್ಲಲೇಬೇಕು; ಬೇರೆ ದಾರಿಯಿಲ್ಲ. ಆದರೆ ಪರೀಕ್ಷೆಯಲ್ಲಿ ಅದೇ ಬೇನೆಯೆಂದು ಖಚಿತವಾದವರನ್ನು ಒಂದೇ ಪಾರ್ಶ್ವದಲ್ಲಿ ಒಟ್ಟಿಗಿಟ್ಟು, ಅವರಿಗೇ ಮೀಸಲಾದ ಆಳನ್ನಿಟ್ಟು, ಕಿಟಕಿಗಳನ್ನು ತೆರೆದಿಡಬಹುದು. ಮುಖಗವಸು ತೊಟ್ಟ ಮಗಳೊಬ್ಬಳನ್ನು ಒಳಗೆ ಬಿಡಬಹುದು. ಬಾಗಿಲು ಯಾವಾಗ ತೆರೆದೀತೆಂಬುದನ್ನು ಮೊದಲ ದಿನವೇ ಹೇಳಬಹುದು. ಆ ದಿನಗಳ ಬಗ್ಗೆ ಮಿತ್ರರು ನನಗೆ ಹೇಳಿದ್ದು ಒಂದೇ ಮಾತು: “ಮೈಕೈ ನೋವು ಮರತೇನ್ರೀ. ಬಾಗಿಲ ಹೊರಗ ತಾಟು ಇಟ್ಟು ಓಡಿ ಹೋಗೋ ಕಾಲಿನ ಸಪ್ಪಳ ಮರಿಯಾಕ ಆಗವಲ್ದು.”

ಈ ವರ್ಷ ಮಳೆಗೆ ಮುಂಚೆ ಅವರೂ ನಾನೂ ಲಸಿಕೆ ಹಾಕಿಸಿಕೊಂಡೆವು. ಆರೈಕೆಯ ಹೆಣ್ಣುಮಗಳಿಗೂ ಆಯಿತೇ ಎಂದು ವ್ಯವಸ್ಥಾಪಕರನ್ನು ಕೇಳಿದೆ. ಪಟ್ಟಿ ನೋಡಿ ಹೇಳುತ್ತೇನೆಂದರು. ಬರುವ ವಾರ ಹೋದಾಗ ಮತ್ತೆ ಕೇಳುವವನಿದ್ದೇನೆ.