60 ಓಮ್ ನೋಡದೆ ಇಸಿಎಂ ಬದಲಿಸಬೇಡಿ

ಈ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ನಿಲ್ಲುವುದೇ ಇಲ್ಲ. ಬಿಟಿಎಂ ಲೇಔಟಿನವರು ಕೇಳಿದ್ದಾರೆ, ಜೆ.ಪಿ. ನಗರದವರು ಕೇಳಿದ್ದಾರೆ, ಬನಶಂಕರಿ ಆರನೇ ಹಂತದಲ್ಲಿ ಪಾಯ ತೆಗೆಸುತ್ತಿರುವವರೂ ಕೇಳಿದ್ದಾರೆ. "ಸಾರ್, ಹಿಟಾಚಿ ಚೆನ್ನಾಗಿ ಕೆಲಸ ಮಾಡ್ತಿರುತ್ತೆ, ಇದ್ದಕ್ಕಿದ್ದಂತೆ ಇಂಜಿನ್ ಡಲ್ ಆಗಿ ಡಿಸ್‌ಪ್ಲೇನಲ್ಲಿ ಕಮ್ಯುನಿಕೇಷನ್ ಎರರ್ ಬರುತ್ತೆ. ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಇಸಿಎಂ ಹೋಗಿದೆ, ಬದಲಾಯಿಸಿ ಅಂತಾರೆ. ಏನು ಮಾಡೋಣ?"

ಬದಲಾಯಿಸಬೇಡಿ. ಮೊದಲು ಅಳತೆ ಮಾಡಿಸಿ. ಇಂದು ನಾನು ಹೇಳಬೇಕಾದದ್ದು ಇಷ್ಟೇ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಕಮ್ಯುನಿಕೇಷನ್ ಎರರ್ ಎಂದರೆ ಒಂದು ಕಂಟ್ರೋಲರ್ ಡಬ್ಬಿಗೆ ಇನ್ನೊಂದು ಡಬ್ಬಿಯ ಮಾತು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ ಎಂದು ಅರ್ಥ. ಇಂಜಿನ್ನನ್ನು ನಿಯಂತ್ರಿಸುವ ಇಸಿಎಂ, ಪಂಪಿನ ಕಂಟ್ರೋಲರ್, ಆಪರೇಟರ್ ಮುಂದಿರುವ ಡಿಸ್‌ಪ್ಲೇ, ಎಲ್ಲವೂ ಮಾತಾಡುವುದು ಅವೇ ಎರಡು ವೈರುಗಳ ಮೇಲೆ. ಅದಕ್ಕೆ ಕ್ಯಾನ್ ಲೈನ್ ಅನ್ನುತ್ತೇವೆ. ಬಾಷ್ ಕಂಪನಿ 1986ರಲ್ಲಿ ಕಾರುಗಳಿಗೆಂದು ಹೊರತಂದದ್ದು. ಇವತ್ತು ನಮ್ಮ ದೊಡ್ಡ ಮಷಿನ್‌ಗಳಲ್ಲಿ ಜೆ-1939 ಎಂಬ ಹೆಸರಿನ ಪದ್ಧತಿಯಲ್ಲಿ ಓಡುತ್ತಿದೆ. ಡಿಸ್‌ಪ್ಲೇ "ಇಂಜಿನ್ ಸಂಪರ್ಕವಿಲ್ಲ" ಎಂದರೆ ಇಸಿಎಂ ಸತ್ತಿದೆ ಎಂದಲ್ಲ. ಇಸಿಎಂಗೆ ಕರೆಂಟ್ ಹೋಗದಿರಬಹುದು, ಅರ್ಥ್ ಸಡಿಲವಿರಬಹುದು, ನಡುವಿನ ವೈರು ಸವೆದಿರಬಹುದು. ಮಾತು ಕೇಳಿಸಲಿಲ್ಲವೆಂದು ಮಾತಾಡಿದವನನ್ನೇ ಸತ್ತನೆಂದು ತೀರ್ಮಾನಿಸುವುದು ಯಾವ ನ್ಯಾಯ?

"ಕೀ ಆಫ್ ಮಾಡಿದರೆ ಸರಿಹೋಗುತ್ತೆ, ಹಾಗಾದರೆ ಸಾಫ್ಟ್‌ವೇರ್ ದೋಷವೇ" ಎನ್ನುವವರಿದ್ದಾರೆ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಪ್ರತಿ ಡಬ್ಬಿಯೂ ತಾನು ಕಳಿಸಿದ ಸಂದೇಶ ಕೆಟ್ಟಾಗಲೆಲ್ಲ ಒಂದು ಲೆಕ್ಕ ಬರೆದಿಡುತ್ತದೆ. ಒಂದು ತಪ್ಪಿಗೆ 8 ಸೇರುತ್ತದೆ, ಸಂದೇಶ ಸರಿಯಾಗಿ ಹೋದರೆ 1 ಇಳಿಯುತ್ತದೆ. ಲೆಕ್ಕ 255 ದಾಟಿತೋ, ಆ ಡಬ್ಬಿ ಉಳಿದವರಿಗೆ ತೊಂದರೆಯಾಗದಿರಲೆಂದು ತಾನೇ ಲೈನಿನಿಂದ ದೂರ ಸರಿಯುತ್ತದೆ. ಕೀ ತಿರುಗಿಸಿದಾಗ ಲೆಕ್ಕ ಸೊನ್ನೆಯಾಗುತ್ತದೆ, ಡಬ್ಬಿ ಮತ್ತೆ ಮಾತಿಗೆ ಬರುತ್ತದೆ. ಸವೆದ ವೈರು ಮಾತ್ರ ಸವೆದೇ ಇರುತ್ತದೆ. ಕೀ ತಿರುಗಿಸಿ ನೀವು ಲೆಕ್ಕ ಅಳಿಸಿದ್ದೀರಿ, ದೋಷ ಅಳಿಸಿಲ್ಲ.

ಈಗ 60 ಓಮ್ ವಿಷಯ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಬೇಕು.

ಕ್ಯಾನ್ ಲೈನಿನ ಎರಡು ತುದಿಗಳಲ್ಲೂ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಯಾಕೆ? ನೀರಿನ ತೊಟ್ಟಿಯಲ್ಲಿ ಎದ್ದ ಅಲೆ ಗೋಡೆಗೆ ಬಡಿದು ಹಿಂದಿರುಗುವ ಹಾಗೆ, ವೈರಿನಲ್ಲಿ ಹೋದ ಸಿಗ್ನಲ್ ಕೂಡ ತುದಿ ಮುಟ್ಟಿ ವಾಪಸು ಬರುತ್ತದೆ, ಬಂದು ಮುಂದಿನ ಸಿಗ್ನಲನ್ನು ಕೆಡಿಸುತ್ತದೆ. ತುದಿಯಲ್ಲಿರುವ ರೆಸಿಸ್ಟರ್ ಅದನ್ನು ಅಲ್ಲೇ ಹೀರಿಕೊಳ್ಳುತ್ತದೆ. 120 ಓಮಿನ ಎರಡು ರೆಸಿಸ್ಟರ್ ಅಕ್ಕಪಕ್ಕ ಕೂತರೆ ಮೀಟರಿಗೆ ಕಾಣುವುದು 60. ಅಷ್ಟೇ ಗುಟ್ಟು.

ಅಳೆಯುವುದು ಹೀಗೆ. ಬ್ಯಾಟರಿ ಐಸೊಲೇಟರ್ ಆಫ್ ಮಾಡಿ, ಕೆಲವು ನಿಮಿಷ ಬಿಡಿ. ಕರೆಂಟ್ ಇರುವಾಗ ಓಮ್ ನೋಡಿದರೆ ಸಿಗುವ ಅಂಕಿ ಸುಳ್ಳು. ಕ್ಯಾಬಿನ್ನಿನಲ್ಲಿ 9 ಪಿನ್ನಿನ ದುಂಡು ಸಾಕೆಟ್ ಇದ್ದರೆ, ಸಾಮಾನ್ಯವಾಗಿ ಸಿ ಮತ್ತು ಡಿ ಪಿನ್ನುಗಳ ನಡುವೆ ಮೀಟರ್ ಹಿಡಿಯಿರಿ. ಬಹಳಷ್ಟು ಮಷಿನ್‌ಗಳಲ್ಲಿ ಇವು ಹಳದಿ ಮತ್ತು ಹಸಿರು ವೈರುಗಳು. ನಿಮ್ಮ ಮಷಿನ್ನಿನ ಸರ್ಕ್ಯೂಟ್ ಡಯಾಗ್ರಾಂ ನೋಡಿ ಖಚಿತ ಮಾಡಿಕೊಳ್ಳಿ.

60ರ ಆಸುಪಾಸು ಬಂದರೆ ಎರಡು ತುದಿಗಳೂ ಕಾಣುತ್ತಿವೆ. 120 ಬಂದರೆ ಒಂದು ತುದಿ ಕಾಣುತ್ತಿಲ್ಲ: ರೆಸಿಸ್ಟರ್ ಹೋಗಿದೆ, ಇಲ್ಲವೇ ನಡುವೆ ವೈರು ಕಡಿದಿದೆ. 40 ಬಂದರೆ ಯಾರೋ ಮೂರನೆಯ ರೆಸಿಸ್ಟರ್ ಸೇರಿಸಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರುಗಳು ಒಂದಕ್ಕೊಂದು ತಾಗಿವೆ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: 60 ಸರಿ, 120 ಅರ್ಧ ಲೈನ್, 40 ಹೆಚ್ಚುವರಿ, ಸೊನ್ನೆ ಶಾರ್ಟ್.

ಇಲ್ಲೊಂದು ಗುಂಡಿಯಿದೆ, ಬಹಳ ಜನ ಬೀಳುತ್ತಾರೆ. ಎಷ್ಟೋ ಮಷಿನ್‌ಗಳಲ್ಲಿ ಒಂದು ರೆಸಿಸ್ಟರ್ ಇಸಿಎಂ ಒಳಗೇ ಇರುತ್ತದೆ. ಇಸಿಎಂ ಕನೆಕ್ಟರ್ ಕಳಚಿ ಅಳೆದರೆ 120 ಬಂದೇ ಬರುತ್ತದೆ. ಅದನ್ನು ತೋರಿಸಿ "ನೋಡಿ, ಲೈನ್ ಕೆಟ್ಟಿದೆ" ಎಂದು ಹೇಳುವವರನ್ನು ನಂಬಬೇಡಿ.

ನಮ್ಮ ಕಡೆ ಈ ದೋಷ ಹೆಚ್ಚು ಕಾಣುವುದಕ್ಕೆ ಕಾರಣ ನೆಲದಲ್ಲೇ ಇದೆ. ಲಾಲ್‌ಬಾಗಿನ ಬಂಡೆ ನೋಡಿದ್ದೀರಿ, ಸುಮಾರು 300 ಕೋಟಿ ವರ್ಷ ಹಳೆಯದು. ರಾಗಿಗುಡ್ಡ ನೋಡಿದ್ದೀರಿ. ಜಯನಗರ, ಜೆ.ಪಿ. ನಗರದ ಸುತ್ತಮುತ್ತ ಬೇಸ್‌ಮೆಂಟ್ ತೋಡಲು ಹೋದರೆ ಎಷ್ಟೋ ಕಡೆ ಬಕೆಟ್ಟಿಗೆ ಬಂಡೆ ತಾಗುತ್ತದೆ, ಬಕೆಟ್ ಬಿಚ್ಚಿ ಬ್ರೇಕರ್ ಹಾಕಬೇಕಾಗುತ್ತದೆ. ಬ್ರೇಕರ್ ದಿನವಿಡೀ ಬಡಿಯುವಾಗ ಕನೆಕ್ಟರಿನೊಳಗೆ ಪಿನ್ನು ಪಿನ್ನಿಗೆ ಉಜ್ಜಿ ಲೇಪ ಸವೆಯುತ್ತದೆ. ಜೆ.ಪಿ. ನಗರದ ಒಂದು ಸೈಟಿನಲ್ಲಿ ಹೀಗೇ ಆಗಿತ್ತು. ಹೊಸ ಇಸಿಎಂ ಹಾಕಿಸಿಯೂ ದೋಷ ಹೋಗಿರಲಿಲ್ಲ. ಮೀಟರ್ ಹಿಡಿದೆ, 60 ಬಂತು. ಮೀಟರ್ ಹಾಗೇ ಇಟ್ಟು, ಇಂಜಿನ್ ಹಿಂದಿನ ಹಾರ್ನೆಸ್ ಅಲುಗಾಡಿಸಿದೆ, 120ಕ್ಕೆ ಜಿಗಿಯಿತು. ಕನೆಕ್ಟರ್ ಬಿಚ್ಚಿದರೆ ಹಸಿರು ವೈರಿನ ಪಿನ್ನು ಹಿಂದಕ್ಕೆ ಸರಿದಿತ್ತು, ಸುತ್ತ ಕಪ್ಪು ಪುಡಿ ಕೂತಿತ್ತು. ಹೊಸ ಪಿನ್ನು ಕ್ರಿಂಪ್ ಮಾಡಿ, ಹಾರ್ನೆಸ್ಸಿಗೆ ಕ್ಲಾಂಪ್ ಬಿಗಿದ ಮೇಲೆ ಮಷಿನ್ ಕೆಲಸಕ್ಕೆ ಹೋಯಿತು. ಆ ಮಾಲೀಕರು ಸಾಲದ ಕಂತು ಕಟ್ಟುತ್ತಿದ್ದವರು. ಬೇಡದ ಡಬ್ಬಿಗೆ ಅವರ ದುಡ್ಡು ಹೋಯಿತಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ಆದ್ದರಿಂದ ಮೀಟರ್ ಹಿಡಿದು ಸುಮ್ಮನೆ ನಿಲ್ಲಬೇಡಿ, ವೈರಿಂಗ್ ಅಲುಗಾಡಿಸಿ ನೋಡಿ. ನಿಂತಾಗ 60 ಬಂದರೆ ಕೆಲಸ ಮಾಡುವಾಗಲೂ 60 ಇರುತ್ತದೆ ಎಂದೇನಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 60 ಸರಿಯಿದ್ದೂ ದೋಷ ಉಳಿದರೆ ಪ್ರತಿ ವೈರಿಗೂ ಮಷಿನ್ನಿನ ಲೋಹದ ಬಾಡಿಗೂ ನಡುವೆ ಓಮ್ ಅಳೆಯಿರಿ, ಸೊನ್ನೆಯ ಹತ್ತಿರ ಬರಬಾರದು. ಕೀ ಆನ್ ಮಾಡಿ ವೋಲ್ಟೇಜ್ ನೋಡಿ: ಎರಡು ವೈರುಗಳೂ ಎರಡೂವರೆ ವೋಲ್ಟಿನ ಆಸುಪಾಸಿನಲ್ಲಿರಬೇಕು, ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಪ್ರತಿ ಡಬ್ಬಿಗೂ ಕರೆಂಟ್ ಮತ್ತು ಅರ್ಥ್ ಬರುತ್ತಿದೆಯೇ ನೋಡಿ. ಟೆಸ್ಟ್ ಲ್ಯಾಂಪನ್ನು ಕ್ಯಾನ್ ವೈರಿಗೆ ಮುಟ್ಟಿಸಲೇಬೇಡಿ. ಜಿಪಿಎಸ್ ಹಾಕುವವರು ಹಳದಿ-ಹಸಿರು ವೈರು ಸುಲಿದು ಟೇಪ್ ಸುತ್ತಲು ಬಿಡಬೇಡಿ. ಹಾಕಿಸಿದ್ದರೆ ಮೊದಲು ಅದನ್ನೇ ಕಳಚಿ ನೋಡಿ. ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸುವ ಮುಂಚೆ ಬ್ಯಾಟರಿ ತೆಗೆಸಿ, ಡಬ್ಬಿಗಳ ಕನೆಕ್ಟರ್ ಕಳಚಿಸಿ. ಪ್ರೆಷರ್ ವಾಟರನ್ನು ಕನೆಕ್ಟರಿಗೆ ಹಿಡಿಸಬೇಡಿ.

ಚಕ್ರದ ಮಷಿನ್‌ಗಳಿಗೆ 2021ರ ಏಪ್ರಿಲಿನಿಂದ, ಮತ್ತೆ 2025ರ ಜನವರಿಯಿಂದ ಹೊಗೆಯ ನಿಯಮ ಬಿಗಿಯಾಗಿದೆ. ಅದರಿಂದ ಸೆನ್ಸರ್‌ಗಳು, ಡಬ್ಬಿಗಳು ಹೆಚ್ಚಿವೆ, ಈ ಎರಡು ವೈರುಗಳ ಮೇಲಿನ ಮಾತೂ ಹೆಚ್ಚಿದೆ. ಈ ತೊಂದರೆ ಇನ್ನು ಕಡಿಮೆಯಾಗುವುದಿಲ್ಲ. ಆದ್ದರಿಂದ ಮಾಲೀಕರೇ, ಇಸಿಎಂ ಬದಲಿಸಿ ಎಂದವರನ್ನು ಎರಡೇ ಪ್ರಶ್ನೆ ಕೇಳಿ: "ಓಮ್ ಎಷ್ಟು ಬಂತು? ವೈರಿಂಗ್ ಅಲುಗಾಡಿಸಿದಾಗ ಎಷ್ಟು ಬಂತು?" ಉತ್ತರ ಅಂಕಿಯಲ್ಲಿ ಬರಲಿ, ಜಾಬ್ ಕಾರ್ಡಿನಲ್ಲಿ ಬರೆದುಕೊಡಲಿ. ಅಂಕಿ ಹೇಳಲಾಗದಿದ್ದರೆ ಪರೀಕ್ಷೆ ಇನ್ನೂ ಆಗಿಲ್ಲ ಎಂದರ್ಥ. ಡಬ್ಬಿಗೆ ಆರ್ಡರ್ ಕೊಡಬೇಡಿ.